ಮೊರಕ್ಕೂ ಕಂದೀಲಿಗೂ ಬಿದ್ದ ಗಂಟು

ಸಿಂಧನೂರಿನ ಅಕ್ಕಿ ಗಿರಣಿಗಳಲ್ಲಿ ಚೀಲದ ಬಾಯಿ ಹೊಲಿಯುವವನ ಹೆಸರು ಯಾರಿಗೂ ಬೇಕಿರಲಿಲ್ಲ. ‘ಏ ದಬ್ಬಣಾ’ ಎಂದು ಕೂಗಿದರೆ ಯಾವನೋ ಒಬ್ಬ ಸುತಳಿ ಹೆಗಲಿಗೆ ಹಾಕಿಕೊಂಡು ಎದ್ದು ಬರುತ್ತಿದ್ದ. ಮುಕ್ಕುಂದದ ಕನಕರಾಯನನ್ನು ಮಾತ್ರ ಹಾಗೆ ಕರೆಯುವ ಧೈರ್ಯ ಹಮಾಲರಿಗೂ ಇರಲಿಲ್ಲ, ಲಾರಿಯವರಿಗೂ ಇರಲಿಲ್ಲ. ಅವನು ‘ದಾರಿಗಾರ’. ಆ ಹೆಸರು ಅವನಿಗೆ ಬಂದದ್ದು ಒಂದು ಆಟದಿಂದ. ಅದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಕಲಿಸದೆ ಬಂದ ವಿದ್ಯೆಯ ಬೆಲೆ ನನಗೆ ಗೊತ್ತು. ನಾನೂ ಅಕ್ಷರ ಕಲಿತದ್ದು ಚೀಲದ ಮೇಲಿನ ಛಾಪು ನೋಡಿ.

ಬೇಸಿಗೆಯಲ್ಲಿ ಕಾಲುವೆಯ ನೀರು ಬಂದ್ ಆದರೆ ಗಿರಣಿಗೆ ನೆಲ್ಲು ಬರುವುದು ಕಡಿಮೆ. ದುಡಿಯುವ ಕೈಗಳು ಮಧ್ಯಾಹ್ನವೆಲ್ಲ ತಗಡಿನ ನೆರಳಿನಲ್ಲಿ ಬೆವರು ಒರೆಸಿಕೊಳ್ಳುತ್ತ ಕೂಡುತ್ತಿದ್ದವು. ಕೆಲವರು ಪಗಡೆ ಹಾಸುತ್ತಿದ್ದರು, ಕೆಲವರು ಜಗಳ ಹಾಸುತ್ತಿದ್ದರು. ಎಂಬತ್ತಮೂರರ ಬೇಸಿಗೆಯಲ್ಲಿ ಕನಕರಾಯ ಒಂದು ಹಳೆಯ ಗೋಣಿಚೀಲವನ್ನು ಬಿಚ್ಚಿ ಹಾಸಿ, ಅದರ ಮೇಲೆ ಸುತಳಿಯಿಂದ ಒಂದು ದಾರಿ ಹೊಲಿದ. ಊರು, ಹಳ್ಳ, ಗುಡ್ಡ, ಕೋಟೆ, ಅಡವಿ. ಪಗಡೆಯಲ್ಲಿ ಇರುವಂತೆ ಮನೆ ಮನೆಯಾಗಿ ದಾರಿ. ಆದರೆ ಇದರಲ್ಲಿ ಕಾಯಿ ಹೊಡೆಯುವುದಿಲ್ಲ. ಕೂತವರಲ್ಲಿ ಒಬ್ಬೊಬ್ಬರದು ಒಬ್ಬೊಬ್ಬ ವೀರ. ಒಂದು ಬಳೆಚೂರೋ ಹುಣಸೆ ಬೀಜವೋ ಅವನ ಗುರುತು. ದಾರಿಯಲ್ಲಿ ಮುಂದೆ ಏನು ಬಂತೆಂದು ಕನಕರಾಯ ಹೇಳುತ್ತಾನೆ. ‘ನಾ ಹಿಂಗ ಮಾಡತೀನಿ’ ಎಂದು ಆಡುವವನು ಬಾಯಿಬಿಟ್ಟು ಹೇಳಬೇಕು. ಆದದ್ದು ಆಗದ್ದು ಕವಡೆಗಳ ಕೈಯಲ್ಲಿ. ಇದೇ ದಾರಿ ಆಟ.

ಪ್ರತಿ ವೀರನಿಗೂ ಒಂದು ವರದ ಸಾಮಾನು ಇರುತ್ತಿತ್ತು. ಆಟದ ಜೀವವೇ ಅದು. ಮೊದಲ ಬೇಸಿಗೆಯಲ್ಲಿ ಅವನು ಕುರಿ ಕಾಯುವ ದುರುಗಪ್ಪನ ವೀರನಿಗೆ ಒಂದು ಕತ್ತಿ ಕೊಟ್ಟ. ಬೀಸಿದರೆ ಸಾಕು, ಎದುರಿಗಿದ್ದ ರಾಕ್ಷಸನ ತಲೆ ನೆಲಕ್ಕೆ. ಎಲ್ಲರೂ ಆಹಾ ಎಂದರು. ಸ್ವಲ್ಪ ದಿನದಲ್ಲೇ ಗೋಣಿಯ ಮುಂದೆ ಜನ ತೆಳ್ಳಗಾದರು. ಕೊನೆಗೆ ದುರುಗಪ್ಪನೇ ಕವಡೆಯನ್ನು ಗೋಣಿಯ ಮೇಲೆ ಸುರಿದು ಎದ್ದ.

“ಯಾಕಲೇ ದುರುಗ್ಯಾ, ಗೆದ್ದೀಯಲ್ಲ?” ಎಂದ ಕನಕರಾಯ.

“ಗೆದ್ದೀನಿ, ಖರೇ. ಆದ್ರ ಕವಡಿ ಯಾಕ ಒಗೀಬೇಕು ನಾ? ಒಗದ್ರೂ ಗೆಲ್ತೀನಿ, ಬಿಟ್ರೂ ಗೆಲ್ತೀನಿ. ಇದರಕಿಂತ ಕುರಿ ಕಾಯೋದು ಛಲೋ. ಅಲ್ಲಿ ತೋಳ ಆದ್ರೂ ಬರ್ತೈತಿ.”

ಆ ಮಾತು ಕನಕರಾಯನಿಗೆ ನಾಟಿತು. ಆಳು ಎಳಸಾಗಿರುವಾಗ ಸಾಮಾನು ಬಲಿತಿದ್ದರೆ ಆಟ ಸಾಯುತ್ತದೆ. ಆಳು ಬಲಿತ ಮೇಲೂ ಸಾಮಾನು ಎಳಸಾಗಿಯೇ ಉಳಿದರೆ ಅದನ್ನು ಮೂಲೆಗೆ ಒಗೆಯುತ್ತಾರೆ. ಎರಡೂ ಜೊತೆಯಲ್ಲೇ ಬೆಳೆಯಬೇಕು. ಪಗಡೆಯಲ್ಲಿ ಕಾಯಿ ಹಣ್ಣಾಗುವುದಿಲ್ಲವೇ, ಹಾಗೆ ಸಾಮಾನು ಕೂಡ ಮೊದಲು ಕಾಯಿ, ಆಮೇಲೆ ದೋರಗಾಯಿ, ಕಡೆಗೆ ಹಣ್ಣು ಎಂದು ಅವನು ಗೊತ್ತುಮಾಡಿದ. ಕಾಯಿಗೆ ಹಸಿರು ದಾರ, ದೋರಗಾಯಿಗೆ ಹಳದಿ, ಹಣ್ಣಿಗೆ ಕೆಂಪು.

ಲಾರಿ ಹೊಡೆಯುವ ಗೌಸ್‌ಸಾಬನಿಗೆ ಅವನು ಬೆಳ್ಳುಳ್ಳಿಯಷ್ಟು ದೊಡ್ಡ ಕಂದೀಲು ಮಾಡಿಕೊಟ್ಟ. ಔಷಧದ ಶೀಶೆಯ ಮುಚ್ಚಳ, ಮೇಲೆ ತಾಮ್ರದ ತಂತಿ. ಕಾಯಿ ಇದ್ದಾಗ ಅದು ನಿಂತ ಮನೆಯನ್ನಷ್ಟೇ ಬೆಳಗಿಸುತ್ತದೆ. ದೋರಗಾಯಿ ಆದಾಗ ಮುಂದಿನ ಮನೆಯಲ್ಲಿ ಏನು ಕಾದಿದೆ ಎಂದು ತೋರಿಸುತ್ತದೆ. ಹಣ್ಣಾದರೆ ದಾರಿ ತಪ್ಪಿದ ಯಾರನ್ನಾದರೂ ಕರೆತರುತ್ತದೆ, ಹಿಡಿದವನನ್ನು ಬಿಟ್ಟು. ತನ್ನ ಹೆಂಡತಿ ಶೇಖಮ್ಮನಿಗೆ ಬಿದಿರುಸೀಳಿನಲ್ಲಿ ಬೆರಳುದ್ದದ ಮೊರ ಹೆಣೆದ. ಕಾಯಿ ಇದ್ದಾಗ ಅದು ಕಾಳಿನಿಂದ ಕಲ್ಲು ಕೇರುತ್ತದೆ, ದೋರಗಾಯಿ ಆದಾಗ ಮಾತಿನಿಂದ ಸುಳ್ಳು ಕೇರುತ್ತದೆ, ಹಣ್ಣಾದರೆ ಬಿದ್ದ ವೀರನ ಉಸಿರನ್ನು ಸಾವಿನಿಂದ ಕೇರಿ ತೆಗೆಯುತ್ತದೆ. ಅವರವರು ದಿನಾ ಹಿಡಿಯುವ ಸಾಮಾನಿನಿಂದಲೇ ಅವರವರ ವರ ಹುಟ್ಟಬೇಕು ಎಂಬುದು ಅವನ ಹಟ. ಮುತ್ತಿನ ಕಿರೀಟ ಕೇಳಿದವರನ್ನು ಗೋಣಿಯಿಂದ ಎಬ್ಬಿಸಿಬಿಡುತ್ತಿದ್ದ.

ಇದಕ್ಕಿಂತ ದೊಡ್ಡ ಕಸುಬು ಇನ್ನೊಂದಿತ್ತು. ಸಾಮಾನು ಬೆಳೆಯಿತೆಂದು ದಾರ ಕಟ್ಟುವವನು ದಾರಿಗಾರನಲ್ಲ. ಸಾಹಸ ಮುಗಿದ ಕೂಡಲೇ ಕನಕರಾಯ ಗೋಣಿಯ ಸುತ್ತ ಒಂದು ಸಲ ಕಣ್ಣಾಡಿಸುತ್ತಿದ್ದ. ಯಾರ ಮುಖ ಹುಣಸೆಹಣ್ಣು ಚೀಪಿದಂತೆ ಆಗಿದೆಯೋ ಅವರ ಕೈಗೆ ದಾರ. ಹೊಟ್ಟೆ ಉರಿದವರೇ ಕಟ್ಟಬೇಕು. ಅವರು ಕಟ್ಟಿದರೆ ಬೆಳೆದದ್ದು ಖರೆ, ಕಟ್ಟದಿದ್ದರೆ ಇಲ್ಲ. ಎಂಥ ಕಿಲಾಡಿ ಬುದ್ಧಿ ನೋಡಿ! ಕೈಯಾರೆ ಗಂಟು ಹಾಕಿದವನು ಆಮೇಲೆ ಹಿಂದಿನಿಂದ ಗೊಣಗುವಂತಿಲ್ಲ.

ಹೊಟ್ಟೆಕಿಚ್ಚಿನ ಬಗ್ಗೆ ಅವನಿಗೆ ಇಷ್ಟು ತಿಳಿವು ಎಲ್ಲಿಂದ ಬಂತು ಎಂದರೆ, ಅದು ಅವನ ಮನೆಯಲ್ಲೇ ಬೆಳೆದ ಬೆಳೆ. ಪಕ್ಕದ ಮನೆಯ ಹೀರೆಬಳ್ಳಿ ತನ್ನ ಬಳ್ಳಿಗಿಂತ ಮೊದಲು ಹೂ ಬಿಟ್ಟರೆ ಆ ದಿನ ಅವನು ಸರಿಯಾಗಿ ಉಣ್ಣುತ್ತಿರಲಿಲ್ಲ. ‘ಶೇಖಮ್ಮನ ರೊಟ್ಟಿ ಎಷ್ಟು ತೆಳ್ಳಗ’ ಎಂದು ಯಾರಾದರೂ ಹೊಗಳಿದರೆ, ‘ಜ್ವಾಳ ತಂದಾಂವ ನಾನು’ ಎನ್ನುತ್ತಿದ್ದ.

ಅವನ ಅಕ್ಕನ ಮಗ ಗ್ಯಾನಪ್ಪ. ಸಿಂಧನೂರಿನ ಒಂದು ಸೈಕಲ್ ಅಂಗಡಿಯಲ್ಲಿ ಕೆಲಸ ಮಾಡುತ್ತ ಹಲವು ಬೇಸಿಗೆ ಅದೇ ಗೋಣಿಯ ಮುಂದೆ ಕೂತಿದ್ದ. ಮಾತು ಕಡಿಮೆ, ಕಣ್ಣು ಜಾಸ್ತಿ. ಮದುವೆಯಾದ ಮೇಲೆ ಮಸ್ಕಿಗೆ ಹೋಗಿ ಬಸ್‌ಸ್ಟ್ಯಾಂಡಿನ ಹಿಂದೆ ಸ್ವಂತ ಅಂಗಡಿ ಹಾಕಿದ. ಕನಕರಾಯ ಆಶೀರ್ವಾದ ಮಾಡಿ ಕಳಿಸಿದ, ಮರೆತ.

ತೊಂಬತ್ತೆರಡರ ಬೇಸಿಗೆಯಲ್ಲಿ ಗೌಸ್‌ಸಾಬ್ ಆಟಕ್ಕೆ ತಪ್ಪಿಸತೊಡಗಿದ. ಕೇಳಿದರೆ ಲಾರಿ ಪಂಕ್ಚರ್ ಎನ್ನುತ್ತಿದ್ದ. ಒಂದು ದಿನ ಬಂದವನು ಜೇಬಿನಿಂದ ಕಂದೀಲು ತೆಗೆಯುವಾಗ ಅದರ ಜೊತೆ ಇನ್ನೊಂದು ವಸ್ತುವೂ ಕೆಳಗೆ ಬಿತ್ತು. ಸೈಕಲ್ ಬೆಲ್ಲಿನ ಬಟ್ಟಲು. ಅದಕ್ಕೆ ಹಸಿರು ದಾರ ಸುತ್ತಿತ್ತು.

ಕನಕರಾಯ ಅದನ್ನು ಎತ್ತಿ, ಬಾರಿಸಿ, ದಾರ ಮುಟ್ಟಿ ನೋಡಿದ.

“ಇದು ಯಾರ ಗೋಣಿದು ಗೌಸಣ್ಣಾ?”

“ಮಸ್ಕಿದು, ಕನಕಣ್ಣಾ. ನಿಮ್ಮ ಅಳಿಯ ಆಟ ಹೂಡ್ಯಾನ. ಲಿಂಗಸುಗೂರಿಗೆ ಲೋಡ್ ಹೊಡಿವಾಗ ಚಾ ಕುಡಿಯಾಕಂತ ನಿಂತಿದ್ದೆ. ನಿಂತಾಂವ ಕುಂತೆ.”

“ಪಂಕ್ಚರ್ ಆಗಿದ್ದು ಲಾರಿ ಅಲ್ಲಪಾ,” ಎಂದಳು ಶೇಖಮ್ಮ, “ಇಲ್ಲಿ ಒಬ್ಬರದು ಈಗ ಆತು ನೋಡು.”

ಅಂದಿನಿಂದ ಅವನ ಹೊಲಿಗೆ ಕೆಟ್ಟಿತು. ಚೀಲದ ಬಾಯಿ ಹೊಲಿಯುತ್ತ ಹೊಲಿಯುತ್ತ ದಬ್ಬಣ ನಿಲ್ಲಿಸಿ ರಸ್ತೆಯ ಕಡೆ ನೋಡುತ್ತಿದ್ದ. ಗಿರಣಿಯಲ್ಲಿ ತೂಕದ ಕಾಟಾ ನೋಡುವ ನನ್ನನ್ನು ಕರೆದು, ‘ಸೈಕಲ್ ಸಾಮಾನಿಂದ ಎಂಥಾ ವರ ಬರ್ತೈತಿ, ನೀನೇ ಹೇಳು’ ಎನ್ನುತ್ತಿದ್ದ. ನಾನು ಬರುವುದಿಲ್ಲ ಎಂದರೆ, ‘ಮತ್ತ ಗೌಸ್‌ಸಾಬ್ ಯಾಕ ಹೋದ?’ ಎಂದು ನನ್ನ ಮೇಲೇ ಹರಿಹಾಯುತ್ತಿದ್ದ.

ಕಡೆಗೆ ತಡೆಯಲಾಗಲಿಲ್ಲ. ಸುಮ್ಮನೆ ಹೋಗುವುದಕ್ಕೆ ಅಭಿಮಾನ ಅಡ್ಡ ಬಂತು. ಮನೆಯಲ್ಲಿ ಸರಿಯಾಗಿದ್ದ ಸೈಕಲ್ಲಿನ ಚೈನನ್ನು ತಾನೇ ಕಲ್ಲಿನಿಂದ ಜಜ್ಜಿ, ಸೈಕಲ್ಲನ್ನು ಬಸ್ಸಿನ ಟಾಪಿಗೆ ಏರಿಸಿ ಮಸ್ಕಿಗೆ ಹೊರಟ.

ಗ್ಯಾನಪ್ಪ ಚೈನನ್ನು ಬೆಳಕಿಗೆ ಹಿಡಿದು ನೋಡಿದ. “ಮಾವ, ಸಿಂಧನೂರಾಗ ಸೈಕಲ್ ಶಾಪ್ ಎಲ್ಲಾ ಮುಚ್ಯಾವೇನು?”

“ನನ್ನ ಅಳಿಯ ಇರಬೇಕಾದ್ರ ಬ್ಯಾರೆ ಮಂದಿಗೆ ಯಾಕ ಕೊಡ್ಲಿ?”

“ಈ ಚೈನು ಬಿದ್ದು ಮುರದಿದ್ದಲ್ಲ. ಯಾರೋ ಸಿಟ್ಟಿಲೆ ಹೊಡದಾರ.”

“ನೀ ರಿಪೇರಿ ಮಾಡಲೇ. ಪಂಚಾಯ್ತಿ ಮಾಡಬ್ಯಾಡ.”

ಮಧ್ಯಾಹ್ನ ಅಂಗಡಿಯ ಮುಂದೆ ಗೋಣಿ ಹಾಸಿದರು. ಕನಕರಾಯ ಕಂಬಕ್ಕೆ ಒರಗಿ, ನೋಡಿಯೂ ನೋಡದವನಂತೆ ಕೂತ. ಸಾಮಾನೆಲ್ಲ ಫಳಫಳ. ಸೈಕಲ್ ಕಡ್ಡಿಯ ಈಟಿ, ಬೇರಿಂಗಿನ ಛರ್ರೆಯ ಮಣಿ, ಬೆಲ್ಲಿನ ಬಟ್ಟಲು. ಎಲ್ಲಕ್ಕೂ ಅದೇ ಹಸಿರು, ಹಳದಿ, ಕೆಂಪು ದಾರ. ಎಲ್ಲಾ ನನ್ನದೇ ಕದ್ದಾನ ಎಂದು ಅವನಿಗೆ ಒಳಗೊಳಗೇ ಹಿಗ್ಗು. ಕದ್ದವನು ಗುರುವಿಗಿಂತ ಮೇಲೆ ಹೋಗುವುದಿಲ್ಲ ಎಂಬ ಸಮಾಧಾನ.

ಆಗ ಚುರುಮುರಿ ಮಾರುವ ಯಂಕಮ್ಮ ತನ್ನ ಸೊಸೆಯನ್ನು ಪಕ್ಕಕ್ಕೆ ಎಳೆದು ಕೂಡಿಸಿಕೊಂಡಳು. ಮನೆಯಲ್ಲಿ ಇಬ್ಬರ ಒಲೆಯೂ ಬೇರೆ ಎಂದು ಊರಿಗೆಲ್ಲ ಗೊತ್ತು. ಆದರೆ ಗೋಣಿಯ ಮೇಲೆ ಅತ್ತೆಯ ಸೇರಿಗೂ ಸೊಸೆಯ ಸಟ್ಟುಗಕ್ಕೂ ಒಂದೇ ಹಳದಿ ದಾರ.

“ಇದೇನಿದು?” ಎಂದ ಕನಕರಾಯ. ನೋಡದವನಂತೆ ಕೂತದ್ದು ಮರೆತೇಹೋಗಿತ್ತು.

“ಜೋಡಿ ಮಾವ. ಪಗಡ್ಯಾಗ ಜೋಡಿ ಕಾಯಿ ನಡೀತಾವಲ್ಲ, ಹಂಗ. ಇಬ್ಬರೂ ಒಪ್ಪಿದ್ರ ಎರಡು ಸಾಮಾನು ಕೂಡಿಸಬಹುದು. ಕೂಡಿದ ಮ್ಯಾಲೆ ಒಂದು ಮನಿಗಿಂತ ಹೆಚ್ಚು ದೂರ ಆಗಂಗಿಲ್ಲ. ದೂರ ಆದ್ರ ಜೋಡಿ ಹರದು ಎರಡೂ ತಿರುಗಿ ಕಾಯಿ ಆಗತಾವ. ಇಬ್ಬರ ಕೆಲಸ ಸೇರಿದ್ರ ಮಾತ್ರ ಹಣ್ಣು.”

“ಹಂಗಂತ ಇಕಿ ಜೋಡಿ ಬದುಕಾಕತ್ತೀನಿ ನೋಡಪಾ,” ಎಂದಳು ಯಂಕಮ್ಮ. “ಇಕಿ ಹಿಂದ ಬಿದ್ರ ನನ್ನ ಸೇರು ಹಣ್ಣಾಗಂಗಿಲ್ಲ. ಮನ್ಯಾಗ ಬೈದೀನಿ, ಇಲ್ಲಿ ಕೈ ಹಿಡದು ಎಳೀತೀನಿ.”

“ಎಳಿಯೋ ನೆವದಾಗ ಚಿವುಟತಾಳ್ರೀ,” ಎಂದಳು ಸೊಸೆ.

ಎಲ್ಲರೂ ನಕ್ಕರು. ಕನಕರಾಯ ನಗಲಿಲ್ಲ. ಅವನ ಒಳಗೆ ಒಣಮೆಣಸಿನಕಾಯಿ ರಾಶಿಗೇ ಬೆಂಕಿ ಹತ್ತಿಕೊಂಡಿತ್ತು. ಕಳವಾಗಿದ್ದರೆ ಕೂಗಾಡಬಹುದಿತ್ತು. ಇದು ಕಳವಲ್ಲ, ಹೊಸದು. ತಾನು ಹುಡುಗನಾಗಿದ್ದಾಗಿನಿಂದ ಪಗಡೆಯಲ್ಲಿ ಜೋಡಿ ನಡೆಸಿದ್ದ. ತನ್ನ ಕಾಲ ಬುಡದಲ್ಲೇ ಬಿದ್ದಿದ್ದ ಈ ಮಾತು ತನಗೇಕೆ ಹೊಳೆಯಲಿಲ್ಲ? ಒಬ್ಬನ ಏಳಿಗೆ ಕಂಡು ಇನ್ನೊಬ್ಬ ಉರಿಯುವುದಕ್ಕೆ ಮದ್ದಾಗಿ ತಾನು ದಾರದ ಗಂಟು ಕಂಡುಹಿಡಿದಿದ್ದ. ಈ ಅಳಿಯ ಉರಿಯೇ ಹುಟ್ಟದಂತೆ ಮಾಡಿದ್ದ. ರಿಪೇರಿಯಾದ ಸೈಕಲ್ಲನ್ನು ಬಸ್ಸಿಗೆ ಏರಿಸುವುದನ್ನೂ ಮರೆತು ಸಿಂಧನೂರಿಗೆ ಬಂದ. ಮರುದಿನ ಗೌಸ್‌ಸಾಬನ ಲಾರಿಯಲ್ಲಿ ಸೈಕಲ್ ಬಂತು. ಅದರ ಜೊತೆ ಒಂದು ಮಾತೂ ಬಂತು.

“ಕನಕಣ್ಣಾ, ಎರಡು ದಾರ್ಯಾಗ ಒಬ್ಬ ಆಳು ನಡಿಯಾಕ ಆಗೂದಿಲ್ಲ. ಇಲ್ಲಿ ಕಂದೀಲು, ಅಲ್ಲಿ ಬೆಲ್ಲು. ತಲಿ ಕೆಟ್ಟು ಹೋಗೈತಿ. ಶೇಖವ್ವನ ತವರಾಗ ತೊಟ್ಟಿಲ ಕಾರ್ಯ ಐತಲ್ಲ, ಲಿಂಗಸುಗೂರಾಗ? ಮಾವ ಅಳಿಯ ನೀವಿಬ್ರೂ ಬರ್ತೀರಿ. ಅರ್ಧ ದಾರಿ ಅವ ನಡಸ್ಲಿ, ಅರ್ಧ ನೀ ನಡಸು. ಯಾರ ಕಡೆ ನನ್ನ ಕಂದೀಲು ಹಣ್ಣಾಗತೈತೋ ಅವರ ಗೋಣಿ ಮುಂದ ನಾ ಕಾಯಂ.”

“ಆಗದಿದ್ರ?”

“ಆಗದಿದ್ರ ಮಸ್ಕಿ. ಅಲ್ಲಿ ಚಾ ಬಿಲ್ಕುಲ್ ಛಲೋ ಮಾಡ್ತಾರ.”

ಗೌಸ್‌ಸಾಬ್ ಮೊದಲ ಬೇಸಿಗೆಯಿಂದ ಕೂತವನು. ಅವನು ಎದ್ದರೆ ಅವನ ಹಿಂದೆ ಲಾರಿಯವರೆಲ್ಲ ಎದ್ದರು ಎಂದೇ ಲೆಕ್ಕ. ಆಮೇಲೆ ಗೋಣಿಯ ಮುಂದೆ ಉಳಿಯುವವರು ಶೇಖಮ್ಮ ಮತ್ತು ನಾನು. ನನ್ನನ್ನು ನಂಬುವಂತಿರಲಿಲ್ಲ.

ಕನಕರಾಯ ತನ್ನ ಅರ್ಧ ದಾರಿಯಲ್ಲಿ ಯಾರಿಗೂ ಹೇಳದೆ ಒಂದು ಹೊಳೆ ಹೊಲಿದ. ಎರಡು ಮನೆ ಅಗಲ. ದಾಟಿಸುವುದಕ್ಕೆ ಒಂದು ಹರಗೋಲು. ಅದರಲ್ಲಿ ಒಂದು ಸಲಕ್ಕೆ ಒಬ್ಬನೇ ಮನುಷ್ಯ, ಒಂದೇ ಸಾಮಾನು. ಯಾವ ಜೋಡಿ ಬಂದರೂ ಅಲ್ಲಿ ಹರಿಯಲೇಬೇಕು. ಆಡುವವರನ್ನು ಪರೀಕ್ಷೆ ಮಾಡಲು ಹೊಳೆ ಹೊಲಿಯುವುದು ದಾರಿಗಾರನ ಕೆಲಸ. ಒಂದು ಸಾಮಾನಿನ ಕತ್ತು ಹಿಸುಕಲೆಂದೇ ಹೊಲಿಯುವುದು ಬೇರೆ. ಅವನಿಗೆ ಅದು ತಿಳಿದಿತ್ತು. ಹೊಲಿದ.

ಲಿಂಗಸುಗೂರಿನಲ್ಲಿ ತೊಟ್ಟಿಲ ಊಟ ಮುಗಿದ ಮೇಲೆ ಪಡಸಾಲೆಯಲ್ಲಿ ಎರಡು ಗೋಣಿಗಳನ್ನು ಅಂಚಿಗೆ ಅಂಚು ಹಚ್ಚಿ ಹಾಸಿದರು. ಗ್ಯಾನಪ್ಪನ ಅರ್ಧ ಸಲೀಸಾಗಿ ನಡೆಯಿತು. ಆ ಅರ್ಧದ ಕೊನೆಯ ಮನೆಗೆ ಬಂದಾಗ ಶೇಖಮ್ಮ ಸೆರಗಿನ ಗಂಟು ಬಿಚ್ಚಿ ತನ್ನ ಮೊರ ತೆಗೆದಳು.

“ಗ್ಯಾನಪ್ಪಾ, ಇದನ್ನ ಗೌಸಣ್ಣನ ಕಂದೀಲಕ್ಕ ಜೋಡಿ ಮಾಡು.”

ಕನಕರಾಯನ ಕೈಯಲ್ಲಿದ್ದ ಅಡಕೆ ಚೂರು ಕೆಳಗೆ ಬಿತ್ತು. “ಏನಬೇ, ನನ್ನ ಮೊರ ಅದು. ನಾ ಹೆಣದಿದ್ದು.”

“ಹೆಣದಾಂವ ನೀ. ಕೇರಿದಾಕಿ ನಾ.”

ಗ್ಯಾನಪ್ಪ ಮಾವನ ಮುಖ ನೋಡಿದ. ಮಾವ ಬೇಡ ಎನ್ನಲಿಲ್ಲ. ಆಗಲೇ ದೋರಗಾಯಿ ಆಗಿದ್ದ ಮೊರಕ್ಕೂ ಕಂದೀಲಿಗೂ ಒಂದೇ ಹಳದಿ ದಾರ ಬಿತ್ತು.

ಈಗ ಕನಕರಾಯನ ಅರ್ಧ. ಎದುರಿಗೆ ಹೊಳೆ. ಆ ಹೊಳೆಯನ್ನು ಅವನು ಬಿಟ್ಟುಬಿಡಬಹುದಿತ್ತು, ಒಣಗಿದೆ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಎಷ್ಟೋ ಬೇಸಿಗೆಯಿಂದ ಹೆಂಡತಿ ಒಂದೊಂದೇ ಸಾಹಸ ಮಾಡಿ ಬೆಳೆಸಿದ ಮೊರ. ಹರಿದರೆ ಮತ್ತೆ ಹಸಿ ಕಾಯಿ. ಅವನು ಅವಳತ್ತ ನೋಡಿದ. ಅವಳ ಪಕ್ಕದಲ್ಲಿ ಗ್ಯಾನಪ್ಪ ಕಾತರದಿಂದ ಕತ್ತು ಚಾಚಿ ಕೂತಿದ್ದ. ಅವನ ಜೋಡಿ, ಅವನ ಮಾತು, ಅವನ ಬುದ್ಧಿ. ಕನಕರಾಯ ಬಾಯಿ ತೆರೆದ.

“ಮುಂದ ಹೊಳಿ. ತುಂಬಿ ಹರಿಯಾಕತ್ತೈತಿ. ಹರಗೋಲದಾಂವ ಒಬ್ಬ ಮನಷ್ಯಾನ್ನ, ಒಂದು ಸಾಮಾನು ಅಷ್ಟ ಕೂಡಿಸ್ಕೊಂತಾನ. ಮೊದಲು ಯಾರು?”

ಗ್ಯಾನಪ್ಪನಿಗೆ ಹೊಳೆಯ ಅಗಲ ನೋಡಿದ ಕೂಡಲೇ ತಿಳಿಯಿತು. ಅವನ ಮುಖ ಸಣ್ಣದಾಯಿತು. “ಮಾವ...” ಎಂದ.

ಗೌಸ್‌ಸಾಬ್ ಗಡ್ಡ ಕೆರೆದುಕೊಂಡ. “ಶೇಖವ್ವಾ, ನೀ ಹೋಗು ಮದಲು. ಜೋಡಿ ಹರದ್ರ ಹರೀಲಿ.”

“ತಡಿ ಗೌಸಣ್ಣಾ.” ಶೇಖಮ್ಮ ಗಂಡನ ಕಡೆ ತಿರುಗಿದಳು. “ಹರಗೋಲದಾಗ ಕೂಡೋರಿಗೆ ಲೆಕ್ಕ ಹೇಳಿದಿ. ನೀರಿಗೆ ಬಿಡೋದಕ್ಕ ಏನು ಲೆಕ್ಕ?”

“ನೀರಿಗೆ ಏನು ಬಿಡ್ತೀ?”

“ಪ್ರತಿ ವರ್ಸ ಕಾಲುವಿಗೆ ಹೊಸ ನೀರು ಬಂದಾಗ ಮುಕ್ಕುಂದದಾಗ ನಾವು ಏನು ಬಿಡ್ತೀವಿ? ಗಂಗವ್ವಗ ಮೊರದ ಬಾಗಿನ. ಮೊರದಾಗ ದೀಪ. ನೀ ಎಂದಾದ್ರೂ ಹೆಂಗಸರ ಮೆಟ್ಟಲಕ್ಕ ಬಂದಿದ್ರ ಗೊತ್ತಿರತಿತ್ತು.” ಅವಳು ಬೆರಳುದ್ದದ ಮೊರದ ಒಳಗೆ ಪುಟ್ಟ ಕಂದೀಲನ್ನು ಇಟ್ಟಳು. ಸರಿಯಾಗಿ ಕೂತಿತು. “ಇದನ್ನ ಹೊಳಿಗೆ ಬಿಟ್ಟೆ. ಸಾಮಾನು ಎರಡೂ ಕೂಡೇ ಹೊಂಟಾವ. ನಾವು ಬರೀ ಕೈಲೆ, ಒಬ್ಬೊಬ್ಬರಾಗಿ, ಆ ಬೆಳಕಿನ ಹಿಂದ ಹರಗೋಲದಾಗ ಬರ್ತೀವಿ. ಜೋಡಿ ಎಲ್ಲಿ ಹರೀತು?”

ಹರಿದಿರಲಿಲ್ಲ. ಕನಕರಾಯ ಹೊಳೆ ಹೊಲಿಯುವಾಗ ಹರಗೋಲಿನ ಲೆಕ್ಕ ಹಾಕಿದ್ದ, ಸಾಮಾನಿನ ಲೆಕ್ಕ ಹಾಕಿದ್ದ, ನೀರಿನ ಲೆಕ್ಕ ಹಾಕಿರಲಿಲ್ಲ. ಅವನ ಮನೆಯ ಹೆಣ್ಣುಮಕ್ಕಳು ವರ್ಷಾ ವರ್ಷಾ ಮಾಡುತ್ತಿದ್ದ ಕೆಲಸ ಅವನ ಹೊಲಿಗೆಯ ಹೊರಗೇ ಉಳಿದಿತ್ತು.

“ಕವಡಿ,” ಎಂದ ಕನಕರಾಯ. “ಅರ್ಧಕ್ಕಿಂತ ಹೆಚ್ಚು ಬಾಯಿ ಮ್ಯಾಲಾಗಬೇಕು.”

ಶೇಖಮ್ಮ ಎಸೆದಳು. ಒಂದನ್ನು ಬಿಟ್ಟು ಎಲ್ಲವೂ ಬಾಯಿ ಮೇಲಾಗಿ ಬಿದ್ದವು. ಗೌಸ್‌ಸಾಬ್ ಎದ್ದು ಕುಣಿದ. ಒಳಗೆ ತೊಟ್ಟಿಲಲ್ಲಿದ್ದ ಕೂಸು ಎಚ್ಚರವಾಗಿ ಅತ್ತಿತು. ಮೊರವೂ ಕಂದೀಲೂ ಒಟ್ಟಿಗೆ ಹಣ್ಣಾದವು.

ಶೇಖಮ್ಮ ಕೆಂಪು ದಾರ ತೆಗೆದಳು. “ಪದ್ಧತಿ ಪ್ರಕಾರ ಹೊಟ್ಟಿ ಉರದವರು ಕಟ್ಟಬೇಕು. ನೋಡ್ರಿ, ಯಾರ ಮುಖ ಹುಳ್ಳಗ ಆಗೈತಿ?”

ಯಾರೂ ಬೆರಳು ತೋರಿಸಲಿಲ್ಲ. ಎಲ್ಲರ ಕಣ್ಣೂ ಒಂದೇ ಕಡೆ ಹೋದವು.

“ದಾರಿಗಾರ ಕಟ್ಟೂದಿಲ್ಲ,” ಎಂದ ಕನಕರಾಯ.

“ಹಂಗಂತ ಯಾರು ಹೇಳ್ಯಾರ?” ಎಂದ ಗೌಸ್‌ಸಾಬ್. “ದಾರಿಗಾರಗ ಹೊಟ್ಟಿ ಇಲ್ಲೇನು?”

“ಮಾವ, ಬ್ಯಾಡ ಬಿಡ್ರಿ,” ಎಂದ ಗ್ಯಾನಪ್ಪ. “ನಾನೇ ಕಟ್ತೀನಿ.”

ಅದೇ ಕೆಲಸ ಕೆಡಿಸಿತು. ಅಳಿಯ ದೊಡ್ಡಸ್ತಿಕೆ ತೋರಿಸಲು ಬಂದನೆಂದು ಮಾವನಿಗೆ ಇನ್ನಷ್ಟು ಉರಿಯಿತು. ಕಟ್ಟಿದರೆ ಜೋಡಿ ತನಗಿಂತ ಮೇಲೆಂದು ಎಲ್ಲರೆದುರು ಒಪ್ಪಿದಂತೆ. ಕಟ್ಟದಿದ್ದರೆ ತಾನೇ ಮಾಡಿದ ಪದ್ಧತಿ ತನ್ನ ಕೈಯಲ್ಲೇ ಸತ್ತಂತೆ, ಗೌಸ್‌ಸಾಬ್ ಮಸ್ಕಿಯ ಚಹಾಕ್ಕೆ ಹೋದಂತೆ. ಅವನು ದಾರವನ್ನು ಹೆಂಡತಿಯ ಕೈಯಿಂದ ಕಸಿದುಕೊಂಡ. ತುಟಿಗೆ ಹಚ್ಚಿ ಒದ್ದೆ ಮಾಡಿದ. ಮೊರದ ಅಂಚಿಗೂ ಕಂದೀಲಿನ ತಂತಿಗೂ ಸುತ್ತಿ, ಗಿರಣಿಯಲ್ಲಿ ನೂರು ಕೇಜಿ ಚೀಲದ ಬಾಯಿಗೆ ಹಾಕುವ ಗಂಟು ಹಾಕಿದ. ಹಲ್ಲಿನಿಂದ ಕಚ್ಚಿ ಎಳೆದ.

“ಕಟ್ಟೀನಿ. ಹಂಗಂತ ಛಲೋ ಮಾಡೀದಿ ಅಂತಲ್ಲ ಮತ್ತ.”

“ಇಲ್ಲ ಮಾವ.”

“ನನಗೂ ಹೊಳೀತಿತ್ತು. ಕೆಲಸ ಜಾಸ್ತಿ ಇತ್ತು.”

“ಹೌದು ಮಾವ.”

ಗೌಸ್‌ಸಾಬ್ ಜೋಡಿಯನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. “ಅಲ್ಲಾ, ಇದು ಅವನ ಕಡೆ ಕೂಡಿ ಇವನ ಕಡೆ ಹಣ್ಣಾತು. ಈಗ ನಾ ಎಲ್ಲಿ ಕೂಡ್ಲಿ?”

“ಜೋಡಿ ಒಂದು ಮನಿಗಿಂತ ಹೆಚ್ಚು ದೂರ ಆಗಂಗಿಲ್ಲಂತ,” ಎಂದಳು ಶೇಖಮ್ಮ. “ನನ್ನ ಮೊರ ಸಿಂಧನೂರಾಗ ಇರತೈತಿ. ನಿನ್ನ ಕಂದೀಲು ಎಲ್ಲಿ ಇರತೈತೋ ನೀನೇ ನೋಡ್ಕೊ.”

ಗೌಸ್‌ಸಾಬ್ ಬೆಲ್ಲಿನ ಬಟ್ಟಲನ್ನು ಜೇಬಿನಿಂದ ತೆಗೆದು ಗ್ಯಾನಪ್ಪನ ಮುಂದೆ ಇಟ್ಟ. “ನಿನ್ನ ಕಾಯ್ದೆನೇ ನನ್ನ ಹೊಡೀತು, ಗ್ಯಾನಪ್ಪಾ. ಚಾ ಕುಡಿಯಾಕ ಬರ್ತೀನಿ ಬಿಡು.”

ಗೌಸ್‌ಸಾಬ್ ಉಳಿದ. ಅವನ ಹಿಂದೆ ಲಾರಿಯವರೂ ಉಳಿದರು. ಆದರೆ ಉಳಿಸಿದ್ದು ಅಳಿಯನ ಕಾಯ್ದೆ, ಹೆಂಡತಿಯ ಯುಕ್ತಿ. ಕನಕರಾಯನಿಗೆ ಗೆದ್ದ ಸುಖ ಒಂದು ಊಟದ ಮಟ್ಟಿಗೂ ದಕ್ಕಲಿಲ್ಲ. ಬರುವಾಗ ಬಸ್ಸಿನಲ್ಲಿ ಹೆಂಡತಿಯ ಪಕ್ಕ ಸೀಟು ಇದ್ದರೂ ಮಸ್ಕಿಯವರೆಗೆ ನಿಂತೇ ಬಂದ.

ಆಮೇಲೆ ಗಿರಣಿಗೆ ಚೀಲ ಹೊಲಿಯುವ ಯಂತ್ರ ಬಂತು. ದಬ್ಬಣದವರು ಬೇರೆ ಬೇರೆ ಕೆಲಸಕ್ಕೆ ಹೋದರು. ಕನಕರಾಯ ಹಮಾಲರ ನೀರಿನ ಕೊಡ ತುಂಬುವ ಕೆಲಸಕ್ಕೆ ನಿಂತ. ಬೇಸಿಗೆ ಬಂದರೆ ಗೋಣಿ ಮಾತ್ರ ತಪ್ಪಲಿಲ್ಲ. ತನ್ನ ಗೋಣಿಯ ಮೇಲೆ ಅವನು ಜೋಡಿಗೆ ಒಪ್ಪುತ್ತಿದ್ದ, ಆದರೆ ಬಾಯಲ್ಲಿ ‘ಜೋಡಿ’ ಎನ್ನುತ್ತಿರಲಿಲ್ಲ. ‘ಲಿಂಗಸುಗೂರು ಗಂಟು’ ಎನ್ನುತ್ತಿದ್ದ. ಹೊಸಬರು ಅದನ್ನು ಅವನೇ ಮಾಡಿದ್ದೆಂದು ತಿಳಿದರೆ ತಿದ್ದುತ್ತಲೂ ಇರಲಿಲ್ಲ.

ಪ್ರತಿ ವರ್ಷ ಕಾಲುವೆಯ ನೀರು ಬಂದ್ ಆದ ಮೇಲೆ ಗ್ಯಾನಪ್ಪ ಮಸ್ಕಿಯಿಂದ ಮಾವನನ್ನು ನೋಡಲು ಬರುತ್ತಿದ್ದ. ಬಂದವನು ಮೊದಲು ಕಂದೀಲು ಬಿಗಿದ ಆ ಪುಟ್ಟ ಮೊರವನ್ನು ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದ. ಕೆಂಪು ದಾರ ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು.

“ಮಾವ, ದಾರ ಹಳೇದಾಗೈತಿ. ಬಿಚ್ಚಿ ಹೊಸಾದು ಕಟ್ಟಲೇನು?”

“ಬಿಚ್ಚು.”

ಗ್ಯಾನಪ್ಪ ಉಗುರು ಹಾಕುತ್ತಿದ್ದ, ಸೈಕಲ್ ಕಡ್ಡಿ ಹಾಕುತ್ತಿದ್ದ, ಹಲ್ಲು ಹಾಕುತ್ತಿದ್ದ. ಗಂಟು ಕದಲುತ್ತಿರಲಿಲ್ಲ. ಕನಕರಾಯ ಗೋಡೆಗೆ ಒರಗಿ, ಕಾಲು ಚಾಚಿ, ಅಡಕೆ ಅಗಿಯುತ್ತ ಅದನ್ನೇ ನೋಡುತ್ತ ಕೂಡುತ್ತಿದ್ದ. ವರ್ಷದಲ್ಲಿ ಅವನ ಹೊಟ್ಟೆ ತಣ್ಣಗಿರುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ.